ಪದೇಪದೇ ಹೋಗುವ ಡ್ರೈವರ್

"ಮತ್ತೆ ಹೋಯ್ತು ನೋಡಿ," ಎಂದಳು ರಮಾದೇವಿ, ಮುನಿಕೃಷ್ಣ ಹೆಲ್ಮೆಟ್ ತೆಗೆಯುವ ಮೊದಲೇ.

ಮುಳಬಾಗಿಲಿನ ಅರ್ಧ ಊರಿಗೆ ಕನ್ನಡ, ತೆಲುಗು ಎರಡರಲ್ಲೂ ಲಗ್ನಪತ್ರಿಕೆ ಮಾಡಿಕೊಟ್ಟವಳು ಅವಳು. ನಲವತ್ತು ದಾಟಿದರೂ ತನ್ನದೊಂದು ಮಾತ್ರ ಅಚ್ಚಾಗಲಿಲ್ಲ. ಆ ಡಿಸೈನ್‌ಗಳೆಲ್ಲ ಇರುವುದು ಒಂದು ಮುದಿ ಕಂಪ್ಯೂಟರಿನಲ್ಲಿ. ಅದು ಪೆನ್‌ಡ್ರೈವ್ ಒಪ್ಪದು, ಸಿಡಿ ಓದದು; ಓದುವ ಫ್ಲಾಪಿಯಲ್ಲಿ ಡಿಸೈನ್ ಹಿಡಿಸದು. ಪಕ್ಕದ, ಸ್ವಲ್ಪ ಕಡಿಮೆ ಮುದಿಯಾದ ಕಂಪ್ಯೂಟರಿಗೆ ಕೇಬಲ್ ಎಳೆದು, ಎರಡನ್ನೂ ಬೆಸೆಯುವ ನೆಟ್‌ವರ್ಕ್ ಡ್ರೈವರ್ ಎಂಬ ಸಾಫ್ಟ್‌ವೇರ್ ಹಾಕಿ, ಫೈಲ್ ದಾಟಿಸಬೇಕು.

ಕಂಪ್ಯೂಟರ್ ರಿಪೇರಿಗೆ ನಂಗಲಿಯಿಂದ ಬರುವ ಮುನಿಕೃಷ್ಣ ಪ್ರತಿ ಸಲವೂ ಫ್ಲಾಪಿಯಿಂದ ಡ್ರೈವರ್ ಹಾಕುತ್ತಾನೆ. ಎರಡೂ ಮಾತಾಡಿಕೊಳ್ಳುತ್ತವೆ. "ನಿಧಾನಕ್ಕೆ ಕಾಪಿ ಮಾಡ್ಕೊಳ್ತೀನಿ ಬಿಡಿ," ಎನ್ನುತ್ತಾಳೆ. ಮರುದಿನವೇ ಫೋನು.

ಇವತ್ತು ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡನ್ನೇ ಬದಲಿಸೋಣವೆಂದು ಬಂದವನು ಮೊದಲು ಸೆಟ್ಟಿಂಗ್ಸ್ ತೆರೆದು ನೋಡಿದ. ಡ್ರೈವರ್ ಕೆಟ್ಟಿರಲಿಲ್ಲ. ಯಾರೋ ನೀಟಾಗಿ ತೆಗೆದುಹಾಕಿದ್ದರು. ಈ ಅಂಗಡಿಯಲ್ಲಿ ಕೂರುವುದು ಅವಳೊಬ್ಬಳೇ.

ಅವಳು ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದಳು. ಅವನು ತಿರುಗಿ ನೋಡಿದ್ದು ಕಂಡು ಕಣ್ಣು ತಗ್ಗಿಸಿದಳು. ಲೋಟ ತುಂಬಿ ಟೀ ಮೇಜಿಗೆ ಹರಿಯಿತು.

"ಯಾರ್ ತೆಗೆದಿದ್ದು ಮೇಡಂ?"

"ನಾನೇ."

"ಯಾಕೆ?"

"ಫೈಲೆಲ್ಲಾ ಆ ಕಡೆ ಹೋಗ್ಬಿಟ್ರೆ ನೀವ್ಯಾಕ್ ಬರ್ತೀರಾ? ಜನ ಬರ್ತಾರೆ, ಮದುವೆ ಡೇಟ್ ಹೇಳ್ತಾರೆ, ಹೋಗ್ತಾರೆ. ನನ್ನ ಕೂತ್ಕೊಂಡ್ ಮಾತಾಡ್ಸೋರು ಯಾರೂ ಇಲ್ಲ."

ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯಲ್ಲೂ ಹೈವೇ ಲಾರಿಗಳ ಹಾರ್ನ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಇವಳ ಫೋನ್ ಬಂದ ದಿನ ಮಾತ್ರ ಷರ್ಟಿಗೆ ಇಸ್ತ್ರಿ ಬೀಳುತ್ತಿತ್ತು.

ಫ್ಲಾಪಿ ಹಾಕಿದ. ಈ ಸಲ ಅವಳಿಗೆ ಬಿಡದೆ, ತಾನೇ ಕೂತು ಒಂದೊಂದೇ ಫೋಲ್ಡರ್ ದಾಟಿಸತೊಡಗಿದ. ಅವಳ ಮುಖ ಬಾಡಿತು. ಹಾಗಾದರೆ ಇದೇ ಕೊನೆ. ಪರದೆಯ ಮೇಲೆ ನೀಲಿ ಪಟ್ಟಿ ತುಂಬುವುದನ್ನು ಇಬ್ಬರೂ ನೋಡುತ್ತ ಕೂತರು. ಟೀ ಆರಿಹೋಯಿತು.

"ಆಯ್ತಾ?"

"ಆಯ್ತು. ಇನ್ನಿಲ್ಲಿ ನಂಗೇನೂ ಕೆಲಸ ಇಲ್ಲ."

ಬ್ಯಾಗು ಎತ್ತಿಕೊಂಡು ಬಾಗಿಲವರೆಗೆ ಹೋದವನು ನಿಂತ.

"ನಾಳೆ ಸಂಜೆ ಬರ್ತೀನಿ, ರಮಾದೇವಿಯವ್ರೇ."

ಈ ಸಲ ಮೇಡಂ ಎನ್ನಲಿಲ್ಲ.

"ಕೆಲಸ ಇಲ್ಲಾಂದ್ರಲ್ಲ?" ಅವಳು ಎದ್ದು ನಿಂತಳು.

"ಅದಕ್ಕೇ ಬರ್ತೀನಿ. ಕೆಲಸಕ್ಕೆ ಬಂದೋನು ಕೆಲಸ ಮುಗಿದ್ಮೇಲೆ ಎದ್ದು ಹೋಗ್ಬೇಕಲ್ಲ."