ಬಟನ್ ಮೇಲೆ ನಿಂತ ಬೆರಳು

"ಏಯ್! ಇಳೀಬೇಡಿ... ಅಲ್ಲೇ ನಿಂತ್ಕೊಳ್ಳಿ!"

ಅವಳ ಒಂದು ಕಾಲು ಆಗಲೇ ಲಿಫ್ಟಿನ ಹೊಂಡಕ್ಕಿಳಿಯುವ ಏಣಿಯ ಮೇಲಿತ್ತು. ಕೈಯಲ್ಲಿ ಸ್ಪ್ಯಾನರ್ ಚೀಲ. ಲಿಫ್ಟ್ ಮೆಕ್ಯಾನಿಕ್ ಆಗಿ ಅದು ಅವಳ ಮೊದಲ ದಿನ. ಓಡಿ ಬಂದವನು ಚೀಲವನ್ನು ಕಸಿದುಕೊಂಡೇಬಿಟ್ಟ. ಅವನ ಮುಖ ಬಿಳಿಚಿಕೊಂಡಿತ್ತು.

"ಸಾಮಾನು ಹಿಡ್ಕೊಂಡು ಯಾರಾದ್ರೂ ಏಣಿ ಇಳೀತಾರೇನ್ರೀ? ಚೀಲಾನ ಹಗ್ಗದಲ್ಲಿ ಇಳಿಸ್ಬೇಕು. ಎರಡೂ ಕೈ ಏಣಿಗೇ!"

'ಬಂದ ದಿನವೇ ಮಾನ ಹರಾಜು!' ಎಂದು ಅವಳು ಹಲ್ಲು ಕಚ್ಚಿದಳು.

ಮಾತಿಗೊಮ್ಮೆ 'ಜಾಗ್ರತೆ' ಎನ್ನುವ ಆ ಹುಡುಗನಿಗೆ ಕೆಲಸದವರೆಲ್ಲ ಜಾಗ್ರತಪ್ಪ ಎಂದು ಹೆಸರಿಟ್ಟಿದ್ದರು. ಮೀಸೆ ಇನ್ನೂ ಕರ್ರಗಿದ್ದವನಿಗೆ ಮುದುಕರ ಹೆಸರು! 'ಹೆಂಗಸಿನ ಜೊತೆ ಏಣಿ ಕೆಲ್ಸಾನಾ?' ಎಂದು ಉಳಿದವರೆಲ್ಲ ಜಾರಿಕೊಂಡಾಗ ಅವಳಿಗೆ ಜೋಡಿಯಾಗಿ ಬಂದವನು ಅವನೊಬ್ಬನೇ.

ಅವರ ಕೆಲಸದಲ್ಲಿ ಒಂದು ರೂಢಿ ಉಂಟು. ಲಿಫ್ಟಿನ ಕೆಳಗಿನ ಹೊಂಡದಲ್ಲಿ ಇರುವವರು 'ಮೇಲೆ' ಎಂದು ಕೂಗಬೇಕು. ಲಿಫ್ಟಿನ ನೆತ್ತಿಯ ಮೇಲೆ ನಿಂತವರು ಅದನ್ನೇ ತಿರುಗಿ ಹೇಳಿ, ಆಮೇಲಷ್ಟೇ ಬಟನ್ ಒತ್ತಬೇಕು. ಅವನ ಆ ಮರುದನಿ ಕೇಳುತ್ತ ಕೇಳುತ್ತ ಅವಳಿಗೆ ಅದೊಂದು ಚಟವೇ ಆಗಿಹೋಗಿತ್ತು. ಹೇಳಿಕೊಳ್ಳುವುದು ಹೇಗೆ? ದಿನವಿಡೀ ಕತ್ತಲಲ್ಲಿ ದುಡಿದು, ಮೈತುಂಬ ಗ್ರೀಸ್ ಬಳಿದುಕೊಂಡು ಹೊರಗೆ ಬಂದವರಿಗೆ ಪ್ರೀತಿಯ ಮಾತಾಡಲು ತ್ರಾಣವಾದರೂ ಎಲ್ಲಿ ಉಳಿದಿರುತ್ತದೆ!

ಕೆಲವು ತಿಂಗಳ ಮೇಲೆ, ಅಪಾರ್ಟ್‌ಮೆಂಟೊಂದರ ಲಿಫ್ಟ್ ರಿಪೇರಿಗೆ ಹೋದ ಆ ಸಂಜೆಯೂ ಹಾಗೇ ಇತ್ತು. ಹೊಂಡದಲ್ಲಿ ಬಗ್ಗಿ ಬಗ್ಗಿ ಅವಳ ಸೊಂಟ ಬಿದ್ದುಹೋಗಿತ್ತು.

"ಮೇಲೆ!" ಎಂದು ಕೂಗಿದಳು.

ಅವಳು ಕತ್ತೆತ್ತಿ ನೋಡಿದಳು.

"ಮೇಲೆ ತಗೊಳ್ಳಿ! ಕೇಳಿಸ್ತಾ...?"

ಲಿಫ್ಟ್ ಅಲುಗಲಿಲ್ಲ.

"ರೀ... ಇದ್ದೀರಾ?"

"ನೀವು ಆಚೆ ಬನ್ನಿ," ಅವನು ಮೇಲಿನಿಂದ ಕೂಗಿದ. "ಮೊದ್ಲು ಆ ಹೊಂಡದಿಂದ ಆಚೆ ಬನ್ನಿ."

ಅವಳು ಲಿಫ್ಟ್ ನಿಲ್ಲಿಸುವ ಸ್ವಿಚ್ ಒತ್ತಿ, ಏಣಿ ಹತ್ತಿ ಬರುವಷ್ಟರಲ್ಲಿ ಅವನೂ ಇಳಿದು ಬಂದು ಮೇಸ್ತ್ರಿಗೆ ಫೋನ್ ಮಾಡುತ್ತಿದ್ದ.

"ಇನ್ನು ಈ ಜೋಡಿ ಬೇಡ ಸರ್. ನಾಳೆಯಿಂದ ಬೇರೆ ಮಾಡಿ."

ಜೋಡಿ ಇಲ್ಲದವರು ಲಿಫ್ಟ್ ಮುಟ್ಟುವಂತಿಲ್ಲ. ಅಂದರೆ ನಾಳೆಯಿಂದ ಅವಳು ಆಫೀಸಿನಲ್ಲಿ ಕೂತು ಫೋನ್ ಎತ್ತಬೇಕು. ಇಷ್ಟು ಕಷ್ಟಪಟ್ಟು ಕಲಿತ ಕೆಲಸ ಅಲ್ಲಿಗೆ ಮುಗಿಯಿತು.

'ನೀನೂ ಎಲ್ಲರ ಹಾಗೇನಾ...?'

ಜಗಳವಾಡಲು ಶಕ್ತಿ ಇರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತಳು. ಅವನೂ ಒಂದು ಮೆಟ್ಟಿಲು ಕೆಳಗೆ ಕೂತ.

"ನನ್ನ ಕೆಲಸದಲ್ಲಿ ಏನು ಕೊರತೆ ಕಂಡ್ರಿ?"

"ನಿಮ್ಮ ಕೆಲಸದಲ್ಲಿ ಇಲ್ಲ. ನನ್ನ ಕೈಯಲ್ಲಿ." ಅವನು ತನ್ನ ಅಂಗೈಯನ್ನೇ ನೋಡಿಕೊಂಡ. "ನೀವು ಕೆಳಗಿದ್ರೆ ಬೆರಳು ಬಟನ್ ಮೇಲೇ ನಿಂತುಬಿಡುತ್ತೆ. ಬೇರೆಯವರಿದ್ರೆ ಹೀಗಾಗಲ್ಲ. ಒತ್ತಬೇಕಾದಾಗ ಹಿಂಜರಿಯೋನು ಒಂದಿನ ಒತ್ತಬಾರದಾಗ ಒತ್ತಿಬಿಡ್ತಾನೆ. ಅವತ್ತು ಕೆಳಗೆ ನೀವಿದ್ರೆ...?"

"ಯಾಕೆ ಹಾಗಾಗುತ್ತೆ?"

"ನಿಜವಾಗ್ಲೂ ಗೊತ್ತಿಲ್ವಾ?"

ಅಷ್ಟರಲ್ಲಿ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ ಅಜ್ಜಿಯೊಬ್ಬರು ಸೊಂಟದ ಮೇಲೆ ಕೈಯಿಟ್ಟರು. "ಏನಪ್ಪಾ, ಇನ್ನೂ ಆಗ್ಲಿಲ್ವಾ?"

"ಆಗ್ತಿದೆ ಅಜ್ಜಿ," ಎಂದರು ಇಬ್ಬರೂ ಒಟ್ಟಿಗೆ.

"ಆಗ್ತಿರೋದು ಕಾಣ್ತಿದೆ ಬಿಡಿ!" ಎಂದು ಅಜ್ಜಿ ಮೇಲೆ ಹೋದರು.

ಅವಳ ಕೆನ್ನೆ ಕೆಂಪಾಯಿತು. ಆದರೂ ಸಿಟ್ಟು ಇಳಿಯಲಿಲ್ಲ. "ಪ್ರೀತಿ ಅಂತ ಹೇಳಿ ನನ್ನನ್ನ ಫೋನ್ ಮುಂದೆ ಕೂರಿಸ್ತೀರಾ? ನನಗೆ ಅಂಥ ಪ್ರೀತಿ ಬೇಡ!"

"ನಿಮ್ಮನ್ನಲ್ಲ. ನನ್ನನ್ನ!" ಅವನು ತಲೆ ಎತ್ತಿದ. "ತಪ್ಪು ನಂದು, ಜೋಡಿ ಬಿಡೋನು ನಾನು ಅಂತಾನೇ ಹೇಳಿದೀನಿ. ನಾಳೆಯಿಂದ ನಿಮ್ಮ ಜೊತೆ ಮೇಸ್ತ್ರೀನೇ ಬರ್ತಾರೆ. ಈ ಲಿಫ್ಟ್ ಮುಗಿಸೋಕೂ ಅವರೇ ಬರ್ತಿದ್ದಾರೆ. ನನಗೆ ಬೇರೆ ಜೋಡಿ ಸಿಗೋವರೆಗೂ ಫೋನ್ ಎತ್ತೋನು ನಾನೇ."

ಈ ಕೆಲಸವೆಂದರೆ ಪ್ರಾಣ ಬಿಡುವವನು ಅವಳಿಗಾಗಿ ಅದನ್ನೇ ಬಿಟ್ಟು ಕೂರಲು ಹೊರಟಿದ್ದ. ಇಷ್ಟು ಹೊತ್ತು ತಡೆದಿದ್ದ ಕಣ್ಣೀರು ಗ್ರೀಸ್ ಮೆತ್ತಿದ ಕೆನ್ನೆಯ ಮೇಲೆ ಇಳಿಯಿತು.

"ಸರಿ... ಕೆಲಸದಲ್ಲಿ ಬೇರೆ ಆಗೋಣ," ಎಂದಳು ಮೆಲ್ಲಗೆ. "ಮನೆಗೆ ಮಾತ್ರ ಒಟ್ಟಿಗೆ ಹೋಗೋಣ."

"ಯಾರ ಮನೆಗೆ?"

"ನಮ್ಮ ಮನೆಗೆ ಕಣೋ, ಪೆದ್ದ!"

ಅವನು ಮೇಲೆದ್ದು ಅವಳ ಪಕ್ಕದಲ್ಲೇ ಬಂದು ಕೂತ. ಅವಳು ಅವನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಎಷ್ಟು ಸುಸ್ತು... ಎಷ್ಟು ನೆಮ್ಮದಿ!

"ಹಾಗಾದ್ರೆ ಮನೆ ಹುಡುಕ್ಬೇಕಲ್ಲ," ಅವನು ಪಿಸುಗುಟ್ಟಿದ. "ಯಾವ ಅಂತಸ್ತಲ್ಲಿ ಬೇಕು ನಿನಗೆ?"

"ನೆಲ ಅಂತಸ್ತಲ್ಲಿ," ಎಂದಳು, ಕಣ್ಣು ತೆರೆಯದೆಯೇ. "ಬಾಗಿಲು ತೆಗೆದ ಕೂಡ್ಲೇ ಕಾಲಡಿ ನೆಲ ಇರ್ಬೇಕು. ಒಳಗೆ ನೀನಿರ್ಬೇಕು."