ಸಂಜೆಯವನು ಮಾರಿದ ಪಟ್ಟರ್

“ನನ್ನ ಪಟ್ಟರ್ ಎಲ್ಲಿ?”

ಫಾಹಿಮಾಳ ಮಾತು ಅವಳು ಎಣಿಸಿದ್ದಕ್ಕಿಂತ ಗಟ್ಟಿಯಾಗಿಯೇ ಹೊರಬಿತ್ತು. ಪಕ್ಕದ ಕಂಪ್ಯೂಟರಿನಲ್ಲಿ ಪರೀಕ್ಷೆಯ ಫಲಿತಾಂಶ ಹುಡುಕುತ್ತಿದ್ದ ಹುಡುಗಿಯರು ತಿರುಗಿ ನೋಡಿದರು. ಕೌಂಟರಿನಲ್ಲಿ ಕುಳಿತು ಜಪಮಾಲೆ ಎಣಿಸುತ್ತಿದ್ದ ಪಾತುಮ್ಮ ಒಂದು ಮಣಿಯನ್ನು ಬೆರಳಲ್ಲೇ ಹಿಡಿದು ನಿಲ್ಲಿಸಿದರು.

“ಎಂತ ಕಾಣೆಯಾಯ್ತು ಮಗಳೇ? ಪರ್ಸಾ?”

“ಪರ್ಸಲ್ಲ ಉಮ್ಮಾ. ಗಾಲ್ಫ್ ಕೋಲು. ನಿನ್ನೆ ಇತ್ತು, ಇವತ್ತಿಲ್ಲ. ಯಾರೋ ಮಾರಿದ್ದಾರೆ.”

“ನಮ್ಮ ಅಂಗಡಿಯಲ್ಲಿ ಕೋಲು ಎಲ್ಲಿ ಉಂಟು ಮಾರಾಯ್ತಿ?”

“ಕಂಪ್ಯೂಟರಿನ ಒಳಗೆ.”

“ಓ, ಅದಾ!” ಮಣಿ ಮುಂದಕ್ಕೆ ಹೋಯಿತು. “ಅದು ಸಂಜೆಯವನ ಕೆಲಸ.”

ಇದು ಎರಡು ಸಾವಿರದ ಏಳರ ಮಾತು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹಿಂದೆ, ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಇದ್ದ ಆ ಸೈಬರ್ ಕೆಫೆಗೆ ಒಂದು ನಿಯಮವಿತ್ತು. ಬೆಳಗ್ಗಿನಿಂದ ಮಧ್ಯಾಹ್ನದ ಬಾಂಗಿನ ತನಕ ಹೆಂಗಸರು, ಆಮೇಲೆ ಗಂಡಸರು. ಬೆಳಗ್ಗೆ ಪಾತುಮ್ಮ ಕೂರುತ್ತಿದ್ದರು, ಮಧ್ಯಾಹ್ನದ ನಂತರ ಅವರ ಮಗ ಅಸ್ಕರ್. ಮೆಟ್ಟಿಲ ಬುಡದಲ್ಲಿ ಹೆಂಗಸರ ಒಂದು ಜೊತೆ ಚಪ್ಪಲಿ ಕಂಡರೂ ಗಂಡಸರು ಮೇಲೆ ಹತ್ತುವಂತಿಲ್ಲ, ಕೆಳಗೇ ಕಾಯಬೇಕು. ಈ ನಿಯಮ ಇದ್ದದ್ದರಿಂದಲೇ ತೋಡಾರು, ಪುತ್ತಿಗೆಯ ಮನೆಗಳಿಂದ ಹೆಣ್ಣುಮಕ್ಕಳು ಅಲ್ಲಿಗೆ ಬರುತ್ತಿದ್ದರು.

ಗಾಲ್ಫ್ ಆಟವನ್ನು ತಂದವನು ಅಸ್ಕರ್. ಹೊಸಬರಿಗೆ ಆ ಆಟದಲ್ಲಿ ಸಿಗುವುದು ತೀರಾ ಕಳಪೆ ಕೋಲುಗಳು. ಗಿರಾಕಿಗಳಿಗೆ ಬೇಸರವಾಗಬಾರದೆಂದು ಅವನು ಅಂಗಡಿಯ ಹೆಸರಿನಲ್ಲಿ ಒಂದೇ ಖಾತೆ ತೆರೆದಿದ್ದ. ಯಾರು ಆಡಿ ಗೆದ್ದರೂ ನಾಣ್ಯಗಳು ಆ ಒಂದೇ ಚೀಲಕ್ಕೆ ಬೀಳುತ್ತಿದ್ದವು, ಕೋಲುಗಳೂ ಎಲ್ಲರಿಗೂ ಸೇರಿದ್ದವು. ಕ್ರಮೇಣ ಉಳಿದವರು ಬೇರೆ ಆಟಗಳಿಗೆ ಹೋದರು. ಬೆಳಗ್ಗೆ ಫಾಹಿಮಾ, ಸಂಜೆ ಯಾರೋ ಒಬ್ಬ, ಇಷ್ಟೇ ಜನ ಉಳಿದರು.

ಫಾಹಿಮಾ ತೋಡಾರಿನವಳು. ಗಂಡ ಉಮ್ಮರ್ ಸೌದಿಯ ಜಿದ್ದಾದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಮಣ್ಣು ಮಾಡಿದ್ದೂ ಅಲ್ಲಿಯೇ. ಅವಳಿಗೆ ಮುಖ ನೋಡಲು ಸಿಗಲಿಲ್ಲ. ಮದುವೆಯಾದ ಮೇಲೆ ಅವನ ಜೊತೆ ಇದ್ದದ್ದು ಒಂದು ರಜೆಯ ಕಾಲ ಮಾತ್ರ. ಆದರೂ ದುಃಖ ಹಾಗೆ ಅಳತೆ ನೋಡಿ ಬರುವುದಿಲ್ಲ. ಗಂಡ ತೀರಿದವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೂ ಅವಳು ಬಿಳಿ ಬಟ್ಟೆ ಬಿಡಲಿಲ್ಲ. ನಮಾಝಿನ ಚಾಪೆಯ ಮೇಲೆ ಕುಳಿತರೆ ಎದ್ದೇಳಲು ಮರೆಯುತ್ತಿದ್ದಳು. ಅಣ್ಣ ಅಬೂಬಕ್ಕರ್ ಅವಳನ್ನು ಡಿಟಿಪಿ ಕಲಿಯಲು ಮೂಡುಬಿದಿರೆಗೆ ಕಳುಹಿಸಿದ್ದೇ ಮನೆಯಿಂದ ಹೊರಗೆ ಬರಲಿ ಎಂದು. ಕ್ಲಾಸು ಮುಗಿದ ಮೇಲೆ ಅವಳು ಸೈಬರ್‌ನಲ್ಲಿ ಅರ್ಧ ಗಂಟೆ ಕೂರುತ್ತಿದ್ದಳು. ಪರದೆಯ ತುಂಬ ಹಸಿರು ಹುಲ್ಲು, ಒಂದು ಬಿಳಿ ಚೆಂಡು. ಅಲ್ಲಿ ಯಾರೂ ಅವಳ ಮುಖ ನೋಡಿ ‘ಪಾಪ’ ಅನ್ನುತ್ತಿರಲಿಲ್ಲ.

ಈಗ ಅಣ್ಣ ಎರಡನೇ ಮದುವೆಯ ಮಾತು ಎತ್ತಿದ್ದ. ಬೆಳ್ತಂಗಡಿಯ ಒಬ್ಬ ವ್ಯಾಪಾರಿ ಕೇಳಿದ್ದಾರೆ, ರಂಝಾನ್ ಕಳೆದ ಕೂಡಲೇ ಉತ್ತರ ಕೊಡಬೇಕು ಎಂದಿದ್ದ. ಫಾಹಿಮಾ ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಅಂಥ ದಿನಗಳಲ್ಲಿ ಪಟ್ಟರ್ ಮಾರಿಹೋಗಿತ್ತು.

ಪಟ್ಟರ್ ಎಂದರೆ ಕುಳಿಯ ಹತ್ತಿರ ಬಂದ ಚೆಂಡನ್ನು ಮೆಲ್ಲಗೆ ತಳ್ಳುವ ಕೋಲು. ಡ್ರೈವರ್ ಎಂದರೆ ದೂರಕ್ಕೆ ಹೊಡೆಯುವ ಕೋಲು. ಪರದೆಯ ಕೆಳಗೆ ಒಂದು ಗೆರೆ ಆಚೀಚೆ ಓಡುತ್ತದೆ, ಅದು ಬಿಳಿ ಜಾಗಕ್ಕೆ ಬಂದ ಕ್ಷಣದಲ್ಲಿ ಮೌಸ್ ಒತ್ತಬೇಕು. ಕೋಲಿನ ಬಲ ಹೆಚ್ಚಿಸಿದಷ್ಟೂ ಬಿಳಿ ಜಾಗ ಸಣ್ಣದಾಗುತ್ತದೆ. ಫಾಹಿಮಾ ಅಡ್ಡಾದಿಡ್ಡಿ ಬಲಕ್ಕೆ ಹೋಗುವವಳಲ್ಲ. ಸಣ್ಣ ಹೊಡೆತ, ನೇರ ಹೊಡೆತ. ನಾಣ್ಯ ಕೂಡಿದಾಗಲೆಲ್ಲ ಪಟ್ಟರ್ ಮೇಲ್ದರ್ಜೆಗೆ ಏರಿಸುತ್ತಿದ್ದಳು. ಸಂಜೆಯವನು ಅದನ್ನು ಮಾರಿ ಡ್ರೈವರ್ ಕೊಳ್ಳುತ್ತಿದ್ದ.

ಆಟದಲ್ಲಿ ಕೋಲಿಗೆ ಒಂದು ಹೆಸರಿಡಲು ಜಾಗವಿತ್ತು. ಅವಳು ಇನ್ನೊಂದು ಪಟ್ಟರ್ ಕೊಂಡು ಅದಕ್ಕೆ ‘ಮಾರಬೇಡಿ’ ಎಂದು ಹೆಸರಿಟ್ಟಳು.

ಮರುದಿನ ಪಟ್ಟರ್ ಇರಲಿಲ್ಲ. ಹೊಸ ಡ್ರೈವರಿನ ಹೆಸರು ‘ಕ್ಷಮಿಸಿ’.

ಫಾಹಿಮಾ ನಕ್ಕಳು. ನಗು ತನ್ನದೇ ಎಂದು ತಿಳಿದಾಗ ಬಾಯಿಗೆ ಶಾಲು ಅಡ್ಡ ಹಿಡಿದಳು. ಪಾತುಮ್ಮ ಓರೆಗಣ್ಣಿನಲ್ಲಿ ನೋಡಿದರು.

ಆಮೇಲಿನ ಜಗಳವೆಲ್ಲ ಕೋಲುಗಳ ಮೂಲಕವೇ ನಡೆಯಿತು. ಅವಳು ‘ಯಾಕೆ’ ಎಂದು ಬರೆದರೆ ಅವನು ‘ಹತ್ತಿರ ಹೋಗಲು’ ಎಂದು ಬರೆದ. ಅವಳು ‘ಚೆಂಡು ಕಾಡಿಗೆ ಹೋಯಿತು’ ಎಂದರೆ ಅವನು ‘ಹುಡುಕಿ ಕೊಡಿ’ ಎಂದ. ಯಾರೋ ಸೊಕ್ಕಿನ ಹುಡುಗ, ಅಪ್ಪನ ದುಡ್ಡಿನಲ್ಲಿ ಬೈಕ್ ಓಡಿಸುವವನು ಎಂದುಕೊಂಡಳು. ಆದರೂ ಬಸ್ಸಿನಲ್ಲಿ ಬರುವಾಗ ಇವತ್ತು ಏನು ಬರೆದಿರಬಹುದು ಎಂದು ಯೋಚಿಸುತ್ತಿದ್ದಳು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಪ್ರಿಂಟ್ ಸಿಗಬಹುದೆಂದು ಕಾದು ಕುಳಿತದ್ದರಿಂದ ಫಾಹಿಮಾಳಿಗೆ ತಡವಾಯಿತು. ಬಾಂಗ್ ಕೊಟ್ಟ ಮೇಲೆ ಅವಳು ಮೆಟ್ಟಿಲಿಳಿದಳು. ಕೆಳಗೆ ಅವಳ ಚಪ್ಪಲಿಯೊಂದೇ ಇತ್ತು. ಅದರಿಂದಾಚೆ ಒಬ್ಬ ಗಂಡಸು ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ಅಂಗಿಯ ತೋಳಿನ ಮೇಲೆ ಮರದ ಹುಡಿ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು.

“ಮೇಲೆ ಇನ್ನು ಯಾರಾದರೂ ಉಂಟಾ?” ಅವನು ಗೋಡೆಯನ್ನೇ ಕೇಳಿದಂತಿತ್ತು.

“ಇಲ್ಲ. ನಾನೇ ಕೊನೆ.”

“ಕರೆಂಟು?”

“ಅದೂ ಇಲ್ಲ.”

“ಹಾಗಾದರೆ ಇವತ್ತು ನನ್ನ ಡ್ರೈವರಿಗೆ ರಜೆ.” ಅವನು ತನ್ನಷ್ಟಕ್ಕೇ ಹೇಳಿಕೊಂಡ.

ಫಾಹಿಮಾಳ ಒಂದು ಕಾಲು ಚಪ್ಪಲಿಯೊಳಗೆ, ಇನ್ನೊಂದು ಮೆಟ್ಟಿಲ ಮೇಲೆ ನಿಂತಿತು. “ನೀವಾ ಅದು?”

“ಯಾವುದು?”

“ನನ್ನ ಪಟ್ಟರ್ ಮಾರಿದವರು.”

ಅವನು ತಿರುಗಿದ. ಕಣ್ಣು ಅವಳ ಮುಖದ ತನಕ ಬಂದು, ಅಲ್ಲಿ ನಿಲ್ಲಬೇಕೋ ಬೇಡವೋ ಎಂದು ತಿಳಿಯದೆ ಅವಳ ಶಾಲಿನ ಅಂಚಿಗೆ ಇಳಿಯಿತು. ಮತ್ತೆ ಒಮ್ಮೆ ಮೇಲೆ ಬಂತು. “ಅಲ್ಲಾ! ‘ಮಾರಬೇಡಿ’ ನೀವಾ? ನಾನು ಯಾರೋ ರಿಟೈರಾದ ಟೀಚರ್ ಅಂತ ಹೆದರಿಕೊಂಡಿದ್ದೆ.”

“ನಾನು ಯಾರೋ ಗಡ್ಡ ಬಾರದ ಹುಡುಗ ಅಂದುಕೊಂಡಿದ್ದೆ.”

“ಗಡ್ಡ ಉಂಟಲ್ಲ!” ಎಂದು ಅವನು ಜೇಬಿನಿಂದ ಕೈ ತೆಗೆದು ಗಡ್ಡ ಸವರಿಕೊಂಡ.

ಆ ಕೈಯಲ್ಲಿ ತೋರುಬೆರಳೂ ನಡುಬೆರಳೂ ಇರಲಿಲ್ಲ. ಅವನಿಗೆ ತಕ್ಷಣ ನೆನಪಾಗಿ ಕೈ ಮತ್ತೆ ಜೇಬಿಗೆ ಹೋಯಿತು. ಇನ್ನು ಬರುವ ಪ್ರಶ್ನೆ ಯಾವುದೆಂದು ಅವನಿಗೆ ಗೊತ್ತಿತ್ತು. ಹೇಗಾಯಿತು, ಎಲ್ಲಾಯಿತು, ಅಯ್ಯೋ ದೇವರೇ. ಅವನು ಅದಕ್ಕೆ ಸಿದ್ಧನಾಗಿ ನಿಂತ.

“ಮೌಸ್ ಯಾವ ಕೈಯಲ್ಲಿ ಹಿಡಿಯುತ್ತೀರಿ?” ಫಾಹಿಮಾ ಕೇಳಿದಳು.

ಅವನು ಇನ್ನೊಂದು ಕೈ ಎತ್ತಿ ತೋರಿಸಿದ. “ಎಡಗೈ. ಅದಕ್ಕೆ ಇನ್ನೂ ಬುದ್ಧಿ ಬಂದಿಲ್ಲ. ಪಟ್ಟರಿನ ಗೆರೆ ಜೋರು ಓಡ್ತದೆ, ನಾನು ಒತ್ತುವಾಗ ಅದು ಆಚೆ ಊರಿಗೆ ಮುಟ್ಟಿ ಆಗಿರ್ತದೆ. ಅದಕ್ಕೇ ಡ್ರೈವರ್. ಒಂದೇ ಹೊಡೆತಕ್ಕೆ ಕುಳಿಯ ಬಾಯಿಗೆ ಹೋದರೆ ಮತ್ತೆ ತಳ್ಳುವ ಕೆಲಸ ಇಲ್ಲ ನೋಡಿ.”

“ಹೋಗಿದ್ದುಂಟಾ?”

“ಇಲ್ಲ,” ಅವನು ನಕ್ಕ. “ಕಾಡಿಗೇ ಹೋಗಿದ್ದು.”

ಅವಳೂ ನಕ್ಕಳು. ಆಮೇಲೆ ಇಬ್ಬರಿಗೂ ತಾವು ಮೆಟ್ಟಿಲ ಬುಡದಲ್ಲಿ ನಿಂತಿದ್ದೇವೆ ಎಂಬ ಅರಿವಾಯಿತು. ಅವಳು ಎರಡನೇ ಚಪ್ಪಲಿ ಮೆಟ್ಟಿ ಹೊರಟಳು. ಅವನು ಅವಳು ಹೋಗುವ ದಾರಿಯಿಂದ ಸರಿದು, ಅಗತ್ಯಕ್ಕಿಂತ ಹೆಚ್ಚೇ ಜಾಗ ಬಿಟ್ಟು ನಿಂತ.

ಮರುದಿನ ಪಾತುಮ್ಮನಿಂದ ಅವಳಿಗೆ ಉಳಿದದ್ದು ತಿಳಿಯಿತು. ಹೆಸರು ನಿಝಾರ್, ಊರು ಪುಂಜಾಲಕಟ್ಟೆ. ಸೌದಿಯ ದಮ್ಮಾಮಿನಲ್ಲಿ ಬಡಗಿಯಾಗಿದ್ದಾಗ ಯಂತ್ರಕ್ಕೆ ಬೆರಳು ಹೋಯಿತು. ಈಗ ಮೂಡುಬಿದಿರೆಯ ಒಂದು ಫರ್ನಿಚರ್ ಅಂಗಡಿ ನೋಡಿಕೊಳ್ಳುತ್ತಾನೆ. ಹೆಣ್ಣು ಕೇಳಲು ಹೋದಲ್ಲೆಲ್ಲ ಚಹಾ ಕೊಟ್ಟು ಕಳುಹಿಸಿದ್ದಾರೆ.

ಫಾಹಿಮಾ ಆ ದಿನ ಆಟ ಆಡಲಿಲ್ಲ. ಆಟದೊಳಗಿನ ಅಂಗಡಿಯಲ್ಲಿ ಒಂದೊಂದೇ ಪಟ್ಟರ್ ತೆರೆದು ನೋಡಿದಳು. ಬಲ, ಹಿಡಿತ, ಗೆರೆಯ ವೇಗ. ಕೆಳಗಿನ ಸಾಲಿನಲ್ಲಿ, ಯಾರೂ ಕೊಳ್ಳದ ಬೂದು ಬಣ್ಣದ ಒಂದು ಕೋಲು ಇತ್ತು. ಬಲ ಏನೇನೂ ಇಲ್ಲ, ಬೆಲೆ ಮಾತ್ರ ಹೆಚ್ಚು. ಆದರೆ ಅದರ ಗೆರೆ ನಿಧಾನವಾಗಿ ಓಡುತ್ತಿತ್ತು. ಅವಳು ತನ್ನ ಎಡಗೈಯಲ್ಲಿ ಮೌಸ್ ಹಿಡಿದು ಪರೀಕ್ಷೆ ಮಾಡಿದಳು. ಬಿಳಿ ಜಾಗ ಸಿಕ್ಕಿತು.

ಡ್ರೈವರಿನ ಹೆಸರು ಬದಲಿಸಿದಳು. ‘ಬೂದು ಪಟ್ಟರ್ ಕೊಳ್ಳುವ’.

ಸಂಜೆಯ ಉತ್ತರ ‘ಕೂಡಿಡುವ’.

ಅಂದಿನಿಂದ ಇಬ್ಬರೂ ಏನನ್ನೂ ಕೊಳ್ಳಲಿಲ್ಲ, ಮಾರಲೂ ಇಲ್ಲ. ಅವಳು ಬೆಳಗ್ಗೆ ಸಣ್ಣ ಸಣ್ಣ ಮೈದಾನಗಳನ್ನು ಆಡಿ ಚೀಲಕ್ಕೆ ಹಾಕುವಳು. ಅವನು ಸಂಜೆ ಕಾಡಿಗೆ ಹೊಡೆದು ಹೊಡೆದೂ ಏನಾದರೊಂದು ಹಾಕುವನು. ರಂಝಾನಿನಲ್ಲಿ ಆಟ ನಿಂತಿತು. ಉಪವಾಸದ ಹೊತ್ತು ಪರದೆ ಮುಂದೆ ಕಳೆಯುವುದು ಬೇಡವೆಂದು ಅವಳು ಮನೆಯಲ್ಲೇ ಕುರ್‌ಆನ್ ಓದಿದಳು. ಉಮ್ಮರನಿಗಾಗಿ ಕೈಯೆತ್ತಿ ದುಆ ಮಾಡುವಾಗ ಎಂದಿನಂತೆ ಕಣ್ಣು ತುಂಬಿತು. ಆದರೆ ಈ ಸಲ ದುಆದ ಕೊನೆಗೆ ಇನ್ನೊಂದು ಹೆಸರು ತಾನಾಗಿ ಬಂತು. ಅವಳು ಬೆಚ್ಚಿದಳು. ಉಮ್ಮರನಿಗೆ ದ್ರೋಹವಾಯಿತೇ ಎಂದು ತುಂಬ ಹೊತ್ತು ಕುಳಿತಳು. ಹೃದಯಗಳನ್ನು ತಿರುಗಿಸುವವನು ಅಲ್ಲಾಹನೇ ಅಲ್ಲವೇ ಎಂದುಕೊಂಡಾಗ ಮನಸ್ಸು ಸ್ವಲ್ಪ ನೆಲೆಗೆ ಬಂತು.

ಪೆರ್ನಾಲ್ ಹಬ್ಬ ಕಳೆದು ಅವಳು ಸೈಬರ್‌ಗೆ ಹೋದಾಗ ಬೂದು ಪಟ್ಟರ್ ಚೀಲದಲ್ಲಿತ್ತು. ಅವನು ಅದಕ್ಕೆ ಹೆಸರಿಟ್ಟಿದ್ದ. ‘ನಮ್ಮದು’.

ಫಾಹಿಮಾ ಕಂಪ್ಯೂಟರ್ ಮುಚ್ಚಿದಳು. ಕಿವಿಯ ಬುಡ ಬಿಸಿಯಾಗಿತ್ತು.

“ಮಗಳೇ, ಇಲ್ಲಿ ಬಾ,” ಪಾತುಮ್ಮ ಕರೆದರು. “ಆ ಹುಡುಗ ನಿನ್ನೆ ನನ್ನ ಹತ್ತಿರ ಮಾತಾಡಿದ. ನಿನ್ನ ಅಣ್ಣನ ಹತ್ತಿರ ಕೇಳ್ಲಿಕ್ಕೆ ನಾನು ಹೋಗಬಹುದಾ ಅಂತ. ಕೇಳಲಾ? ಬೇಡಾಂದ್ರೆ ಈಗಲೇ ಹೇಳು, ನನಗೆ ತೋಡಾರಿನ ಬಸ್ಸಿನ ಕಷ್ಟ ಉಳೀತದೆ.”

“ನೀವು ಬಂದರೆ ನಮ್ಮ ಉಮ್ಮ ಪತ್ತಿರಿ ಮಾಡ್ತಾರೆ,” ಫಾಹಿಮಾ ನೆಲ ನೋಡಿಕೊಂಡು ಹೇಳಿದಳು.

“ಪತ್ತಿರಿಗೆ ಬರುವುದಾ ನಾನು?” ಪಾತುಮ್ಮ ನಕ್ಕರು. “ಸರಿ, ಪತ್ತಿರಿಗೇ ಬರ್ತೇನೆ.”

ಪಾತುಮ್ಮ ಬಂದರು, ಅಕ್ಕಿರೊಟ್ಟಿಯಂಥ ಆ ಪತ್ತಿರಿ ತಿಂದರು, ವಿಷಯ ಹೇಳಿದರು. ಅಬೂಬಕ್ಕರ್ ಮರ್ಯಾದೆಯಿಂದಲೇ ಕೇಳಿದ, ಮರ್ಯಾದೆಯಿಂದಲೇ ಇಲ್ಲವೆಂದ. ಅವನು ಕೆಟ್ಟವನಲ್ಲ. ತಂಗಿಯ ಅಳು ಕೇಳಿಸದ ಹಾಗೆ ಮಸೀದಿಯ ಜಗಲಿಯಲ್ಲಿ ಮಲಗಿದ ದಿನಗಳು ಅವನಿಗೆ ನೆನಪಿದ್ದವು.

“ಒಂದು ಸಲ ಕಣ್ಣೀರು ಕಂಡು ಆಗಿದೆ,” ಅವನು ಒಳಗೆ ಬಂದು ಹೇಳಿದ. “ಕೈ ಸರಿ ಇಲ್ಲದವನಿಗೆ ಕೊಟ್ಟು ಮತ್ತೆ ಕಷ್ಟ ಯಾಕೆ? ಬೆಳ್ತಂಗಡಿಯವರಿಗೆ ಹೂಂ ಹೇಳ್ತೇನೆ. ಆಗ್ಬಹುದಲ್ಲ?”

ಫಾಹಿಮಾ ಬಾಗಿಲ ಪಕ್ಕ ನಿಂತಿದ್ದಳು. ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡದ ಅಣ್ಣ. ಅವನೆದುರು ಪರಗಂಡಸಿನ ಹೆಸರೆತ್ತುವುದು ಹೇಗೆ? ಎಲ್ಲಿ ಕಂಡೆ, ಏನು ಮಾತಾಡಿದೆ ಎಂದರೆ ಏನೆಂದು ಹೇಳುವುದು? ಅವಳ ಬಾಯಿ ಏಳಲಿಲ್ಲ. ಅಬೂಬಕ್ಕರ್ ಟೊಪ್ಪಿ ಇಟ್ಟುಕೊಂಡು ಮಸೀದಿಗೆ ಹೊರಟ.

ತಾಯಿ ಬೀಬಿ ಮಗಳ ಮುಖ ನೋಡಿದರು. “ನಿನಗೆ ಮನಸ್ಸುಂಟಾ ಅಲ್ಲಿ?”

ಅವಳು ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಅಬೂಬಕ್ಕರ್ ಸಂಜೆಯ ಮಗ್ರಿಬ್ ನಮಾಝ್ ಮುಗಿಸಿ ಬಂದಾಗ ಅವನ ಮುಖದಲ್ಲಿ ಗೊಂದಲವಿತ್ತು. ಚಪ್ಪಲಿ ಬಿಡುವ ಮೊದಲೇ ಕರೆದ. “ಫಾಹಿಮಾ!”

ಅವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

“ಮಸೀದಿಯ ಉಸ್ತಾದ್ ಒಪ್ಪಲಿಲ್ಲ. ‘ಅವಳು ಸುಮ್ಮನಿದ್ದಳು, ಹಾಗಾದರೆ ಒಪ್ಪಿಗೆ’ ಅಂದೆ. ಅದಕ್ಕೆ ಅವರು, ‘ಅದು ಕನ್ಯೆಯ ಲೆಕ್ಕ ಅಬೂಬಕ್ಕರೇ. ಕನ್ಯೆ ನಾಚಿ ಸುಮ್ಮನಿದ್ದರೆ ಸಾಕು. ಒಮ್ಮೆ ಮದುವೆಯಾದ ಹೆಣ್ಣು ಸುಮ್ಮನಿದ್ದರೆ ಒಪ್ಪಿಗೆ ಆಗುವುದಿಲ್ಲ. ಅವಳು ಬಾಯಿಬಿಟ್ಟು ಹೇಳಬೇಕು, ನೀವು ಕಿವಿಯಲ್ಲಿ ಕೇಳಬೇಕು’ ಅಂದರು. ನನಗೆ ಗೊತ್ತಿರಲಿಲ್ಲ ಮಾರಾಯ್ತಿ.” ಅವನು ಜಗಲಿಯ ಅಂಚಿಗೆ ಕುಳಿತ. “ಈಗ ಹೇಳು. ಬೆಳ್ತಂಗಡಿಯವರು ಆಗ್ಬಹುದಾ?”

ಮೊದಲ ಮದುವೆಯ ದಿನ ಅವಳು ತಲೆ ತಗ್ಗಿಸಿ ಕುಳಿತಿದ್ದಳು. ಯಾರೂ ಅವಳ ಸ್ವರ ಕೇಳಿರಲಿಲ್ಲ. ಈಗ ಧರ್ಮವೇ ಅವಳನ್ನು ಮಾತಾಡು ಎನ್ನುತ್ತಿತ್ತು. ಬಾಯಿಬಿಡುವುದು ನಾಚಿಕೆಗೇಡೆಂದು ಅವಳು ಎಣಿಸಿದ್ದಳು, ಅದು ಅವಳ ಹಕ್ಕಾಗಿತ್ತು.

“ಆಗುವುದಿಲ್ಲ,” ಎಂದಳು.

ಅಬೂಬಕ್ಕರ್ ತಲೆಯೆತ್ತಿದ.

“ಪುಂಜಾಲಕಟ್ಟೆಯವರು ಆಗಬಹುದು.”

“ಅವನ ಕೈ ಗೊತ್ತುಂಟಲ್ಲ ನಿನಗೆ?”

“ನೋಡಿದ್ದೇನೆ. ಬೆರಳಿಲ್ಲ ಅಂತ ಅವರಿಗೆ ನಾಚಿಕೆ ಉಂಟು. ನನಗಿಲ್ಲ.”

“ನಾಳೆ ಕಷ್ಟ ಬಂದರೆ?”

“ಎರಡೂ ಕೈ ಸರಿ ಇದ್ದವರನ್ನೂ ಅಲ್ಲಾಹು ವಾಪಸು ಕರೆದುಕೊಂಡನಲ್ಲ ಅಣ್ಣಾ. ಕಷ್ಟ ಬೆರಳು ನೋಡಿ ಬರುವುದಿಲ್ಲ.”

ಅಬೂಬಕ್ಕರ್ ಟೊಪ್ಪಿ ತೆಗೆದು ಮಡಿಲಲ್ಲಿ ಇಟ್ಟ. ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡ. ಒರೆಸಿದ್ದು ಬೆವರೋ ಬೇರೇನೋ, ಕತ್ತಲಾಗುತ್ತಿದ್ದುದರಿಂದ ತಿಳಿಯಲಿಲ್ಲ.

“ಸರಿ,” ಎಂದ. “ಪಾತುಮ್ಮ ಇನ್ನೂ ಬಸ್ಸಿಗೆ ಕಾಯ್ತಾ ಇರ್ತಾರೆ. ಹೋಗಿ ಹೇಳ್ತೇನೆ. ಆದರೆ ನಾಳೆ ನೀನು ಹಾಗೆ ಹೇಳಿಲ್ಲ ಅನ್ನಬಾರದು. ಇನ್ನೊಮ್ಮೆ ಸರಿಯಾಗಿ ಹೇಳು.”

“ನಿಝಾರ್ ಅವರನ್ನು ಮದುವೆಯಾಗಲು ನನಗೆ ಒಪ್ಪಿಗೆ ಉಂಟು!”

ಬೇಲಿಯಾಚೆ ಕೋಳಿ ಗೂಡಿಗೆ ಹಾಕುತ್ತಿದ್ದ ನೆರೆಮನೆಯ ಹೆಂಗಸು ಕೆಲಸ ಬಿಟ್ಟು ನಿಂತಳು. ಬೀಬಿ ಒಳಗಿನಿಂದ ಓಡಿ ಬಂದರು.

“ಮೆಲ್ಲ ಮಾರಾಯ್ತಿ! ತೋಡಾರಿಗೆಲ್ಲ ಕೇಳ್ತದೆ!”

“ಕೇಳಲಿ ಉಮ್ಮಾ,” ಎಂದಳು ಫಾಹಿಮಾ.