ಎರಡೂ ಕಡೆ ಹೋಗುವ ಪ್ಲಗ್

೨೦೨೫ರ ಜನವರಿ ೨೭, ಸೋಮವಾರ. ಗಂಡನ ಅಂತ್ಯಕ್ರಿಯೆ ಶುಕ್ರವಾರ ಮುಗಿದಿತ್ತು, ನೆಂಟರು ಭಾನುವಾರ ವಿಮಾನ ಹತ್ತಿದ್ದರು. ಬೆಳಿಗ್ಗೆ ಏಳೂವರೆಗೆ ವೈಶಾಲಿ ಮಗಳ ಡಬ್ಬಿಗೆ ದೋಸೆ ಹಾಕಿದಳು. ಚಟ್ನಿಗೆ ಕಾಯಿ ತುರಿದು ಮಿಕ್ಸಿ ಹಚ್ಚಲು ಹೋದಳು. ಧಾರವಾಡದಿಂದ ತಂದ ಮಿಕ್ಸಿ. ಅದರ ಮೂರು ಪಿನ್ನಿನ ಪ್ಲಗ್ ಇಲ್ಲಿನ ಡಚ್ ಸಾಕೆಟ್‌ಗೆ ಹೊಂದಲು ಅಡಾಪ್ಟರ್ ಬೇಕು. ಅಡಾಪ್ಟರ್ ಇರಲಿಲ್ಲ.

ಮಗಳನ್ನು ಶಾಲೆಗೆ ಬಿಟ್ಟು, ೯.೧೦ಕ್ಕೆ ಅವಳು ಪೊಲೀಸ್ ಠಾಣೆಗೆ ಹೋದಳು.

ಇನ್‌ಸ್ಪೆಕ್ಟರ್ ಹೂಕ್‌ಸ್ಟ್ರಾ ಕಡತ ತೆರೆದರು. ವಿರೂಪಾಕ್ಷ, ೩೬, ಎಂಜಿನಿಯರ್. ಜನವರಿ ೧೮, ಶನಿವಾರ, ಬಾಡ್‌ಹೂವೆಡಾರ್ಪ್‌ನ ಮನೆಯ ಹಿಂದಿನ ಶೆಡ್ಡಿನಲ್ಲಿ ಶಾಕ್ ಹೊಡೆದು ಸಾವು. ಫೆಬ್ರವರಿಯ ಆಸ್ಟ್ರಿಯಾ ಪ್ರವಾಸಕ್ಕೆಂದು ಸ್ಕೀಗಳ ಅಂಚು ಹರಿತ ಮಾಡುತ್ತಿದ್ದ. ಕರೆಂಟಿನ ಯಂತ್ರವನ್ನು ಗೆಳೆಯ ಹರಿಪ್ರಸಾದನಿಂದ ತಂದಿದ್ದ. ಶೆಡ್ಡಿನ ಹಳೇ ಲೈನಿಗೆ ಅರ್ತ್ ಆಗಲಿ ಶಾಕ್ ತಡೆಯುವ ಸ್ವಿಚ್ ಆಗಲಿ ಇರಲಿಲ್ಲ. ಚಪ್ಪಲಿಯನ್ನು ಅಭ್ಯಾಸದಂತೆ ಬಾಗಿಲ ಹೊರಗೆ ಬಿಟ್ಟಿದ್ದ. ಪರೀಕ್ಷೆಯಲ್ಲಿ ಯಂತ್ರದ ದೋಷ ಕಂಡುಬಂದಿಲ್ಲ. ಕೊನೆಯ ಸಾಲು: ಮೃತನ ಸ್ವಂತ ಅಜಾಗರೂಕತೆ.

ಕಾನ್‌ಸ್ಟೆಬಲ್ ಇಂಚರಾ ಉಡುಪಿ ಕಡೆಯವರ ಮಗಳು, ದ ಹೇಗ್‌ನಲ್ಲಿ ಬೆಳೆದವಳು. ಪ್ರಶ್ನೆಗಳನ್ನು ಅವಳೇ ಕನ್ನಡದಲ್ಲಿ ಕೇಳಿದಳು.

“ಏನು ಬದಲಾಗಬೇಕು ಮೇಡಂ?”

“ಆ ಕೊನೀ ಸಾಲು.”

“ಯಾಕೆ?”

“ಅವತ್ತು ಹನ್ನೊಂದಕ್ಕ ನಮ್ಮವರು ಅಡಗಿಮನಿಗೆ ಬಂದು ಮಿಕ್ಸಿ ಅಡಾಪ್ಟರ್ ಕಿತ್ಗೊಂಡು ಹೋದ್ರು. ಐದು ನಿಮಿಷ ಕೊಡು, ಚಟ್ನಿ ಏನ್ ಓಡಿ ಹೋಗೂದಿಲ್ಲ ಅಂದ್ರು.”

ಇಂಚರಾ ಜಪ್ತಿ ಪಟ್ಟಿ ನೋಡಿದಳು. “ಆ ಯಂತ್ರಕ್ಕೆ ಇಲ್ಲಿನ ಪ್ಲಗ್ಗೇ ಇದೆ. ಅಡಾಪ್ಟರ್ ಯಾಕೆ ಬೇಕಾಯ್ತು?”

“ಅದನ್ನ ಕೇಳಾಕ ಬಂದೀನ್ರಿ.”

೯.೪೦ಕ್ಕೆ ಹೂಕ್‌ಸ್ಟ್ರಾ ಸಾವಿನ ದಿನದ ಫೋಟೋಗಳನ್ನು ತರಿಸಿದರು. ಏಳನೆಯದರಲ್ಲಿ ಯಂತ್ರದಿಂದ ಹೊರಟ ವೈರು ಮೇಜಿನ ಹಿಂದೆ ಇಳಿದಿತ್ತು. ಕಪ್ಪು ವೈರು. ಹಿಂದಿನ ಸೋಮವಾರ ಜಪ್ತಿಯಾದ ಯಂತ್ರದ ವೈರು ಬೂದು ಬಣ್ಣದ್ದು.

“ಸಾವಿನ ಮರುದಿನ, ಭಾನುವಾರ, ಶೆಡ್ಡಿಗೆ ಯಾರು ಹೋಗಿದ್ರು?”

“ಹರಿಪ್ರಸಾದ. ಹೆಣ ಹೋದ ಮನೆ ತೊಳೀಬೇಕಲ್ಲ, ನೀವು ಕೂತ್ಕೊಳ್ಳಿ ಅಂದ್ರು. ಒಂದ್ ತಾಸು ತೊಳದ್ರು. ನಾನ ಚಾ ಮಾಡಿ ಕೊಟ್ಟೆ.”

“ಮತ್ತೇನಾದರೂ ಹೇಳಿದ್ರಾ?”

“ಮಣ್ಣು ಮಾಡೂವಾಗ ಎಲ್ಲಾರ ಮುಂದ ಹೇಳಿದ್ರು, ಬರಿಗಾಲಲ್ಲಿ ನಿಂತ್ರೆ ಇನ್ನೇನಾಗ್ತದೆ ಅಂತ.”

೧೦.೨೫ಕ್ಕೆ ದೂರು ದಾಖಲಾಯಿತು. ಮಂಗಳವಾರ ೮.೧೫ಕ್ಕೆ ಬೈಟನ್‌ವೆಲ್ಡರ್ಟ್‌ನಲ್ಲಿ ಹರಿಪ್ರಸಾದನ ಮನೆಯ ಶೋಧ. ಉಗ್ರಾಣದ ಗೋಡೆಯ ಮೊಳೆಗೆ ಕಪ್ಪು ವೈರನ್ನು ನೀಟಾಗಿ ಸುತ್ತಿ ನೇತುಹಾಕಲಾಗಿತ್ತು. ತುದಿಯಲ್ಲಿ ಮೂರು ಪಿನ್ನಿನ ಪ್ಲಗ್, ಅದಕ್ಕೆ ಸಿಕ್ಕಿಸಿದ ಅಡಾಪ್ಟರ್. ಪಂಚನಾಮೆಗೆ ಹರಿಪ್ರಸಾದನ ಹೆಂಡತಿ ಶರ್ಮಿಳಾ ಸಹಿ ಹಾಕಿದಳು.

ಠಾಣೆಯಲ್ಲಿ ಇಂಚರಾ ಹರಿಪ್ರಸಾದನನ್ನು ಕೇಳಿದಳು. “ಇದು ಯಾವ ವೈರು?”

“ಹಳೇ ಗ್ರೈಂಡರಿನದ್ದು. ಯಂತ್ರದ ವೈರು ಬಿರುಕು ಬಿಟ್ಟಿತ್ತು, ಇದನ್ನು ಹಾಕಿದ್ದೆ.”

“ಆ ಭಾನುವಾರ ಬದಲಾಯಿಸಿದ ಮೇಲೆ ಬಿಸಾಡಲಿಲ್ಲ ಯಾಕೆ?”

“ಒಳ್ಳೇ ತಾಮ್ರ ಮಾರಾಯ್ರೆ.” ಅವನು ದನಿ ತಗ್ಗಿಸಿದ. “ನೀವು ನಮ್ಮ ಊರಿನ ಕಡೆಯವರಲ್ವಾ? ಸ್ವಲ್ಪ ಅರ್ಥ ಮಾಡ್ಕೊಳ್ಳಿ.”

“ಆ ಕಡೆಯವಳೇ. ಅದಕ್ಕೇ ಪ್ಲಗ್ ಬಿಚ್ಚಿಸಿ ನೋಡಿದ್ದು.”

ಪ್ಲಗ್ಗಿನೊಳಗೆ ಕರೆಂಟು ವಾಪಸಾಗುವ ನ್ಯೂಟ್ರಲ್‌ನಿಂದ ಯಂತ್ರದ ಮೈಗೆ ಸೇರುವ ಅರ್ತ್ ಪಿನ್ನಿಗೆ ಒಂದು ತುಂಡು ವೈರು ಸೇರಿಸಿತ್ತು.

“ಇದು ಯಾಕೆ?”

“ಮಾವನ ರಿಪೇರಿ ಅಂಗಡಿಯಲ್ಲಿ ಹಾಗೇ ಮಾಡ್ತಿದ್ದದ್ದು. ಅರ್ತ್ ಸರಿ ಇಲ್ಲದ ಮನೆಗಳಿಗೆ.”

ಊರಿನ ಸಾಕೆಟ್‌ಗೆ ಮೂರು ಪಿನ್ನು ಒಂದೇ ರೀತಿಯಲ್ಲಿ ಹೋಗುತ್ತದೆ. ಇಲ್ಲಿನ ಸಾಕೆಟ್‌ಗೆ ಅಡಾಪ್ಟರನ್ನು ತಿರುಗಿಸಿಯೂ ಹಾಕಬಹುದು. ಒಂದು ಕಡೆ ಹಾಕಿದರೆ ಯಂತ್ರ ಓಡುತ್ತದೆ. ಇನ್ನೊಂದು ಕಡೆ ಹಾಕಿದರೂ ಓಡುತ್ತದೆ, ಆದರೆ ಕರೆಂಟು ಅದರ ಕಬ್ಬಿಣದ ಮೈಗೆ ಬರುತ್ತದೆ. ಹರಿಪ್ರಸಾದ ಅದೃಷ್ಟಕ್ಕೆ ಸರಿಯಾಗಿ ಹಾಕುತ್ತ ಬಂದಿದ್ದ.

“ಯಾವಾಗ ಗೊತ್ತಾಯ್ತು?”

“ಅವನು ಸತ್ತ ಶನಿವಾರ ರಾತ್ರಿ. ಯೋಚನೆ ಮಾಡಿದಾಗ.”

“ಹೀಗೆ ಮಾಡಿದ ಪ್ಲಗ್ ಇನ್ನೆಲ್ಲಿದೆ?”

ಅವನು ಬೆರಳು ಮಡಿಸಿ ಎಣಿಸಿದ.

“ಹನ್ನೊಂದು ಮನೆಯಲ್ಲಿ.”

“ಅವರಿಗೆ ಹೇಳಿದ್ರಾ?”

“ಇಲ್ಲ.”

೧೧.೫೦ಕ್ಕೆ ಬಂಧನ. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ಸಂಜೆಯೊಳಗೆ ಪೊಲೀಸರು ಹನ್ನೊಂದು ಮನೆಗಳಿಗೂ ಹೋಗಿ ಬಂದರು.

ಕೆಟ್ಟ ಮಿಕ್ಸಿ, ಕುಕ್ಕರ್ ಹಿಡಿದು ಕನ್ನಡದ ಮನೆಗಳವರು ಹರಿಪ್ರಸಾದನಲ್ಲಿಗೇ ಬರುತ್ತಿದ್ದರು. ಕಚೇರಿಯಲ್ಲಿ ಅವನು ಹತ್ತರ ಜೊತೆ ಹನ್ನೊಂದನೆಯವ. ಆ ಅಡುಗೆಮನೆಗಳಲ್ಲಿ ಮಾತ್ರ ಅವನಿಗೆ ಕೈಚಳಕದವನೆಂಬ ಹೆಸರಿತ್ತು. ಒಂದು ಫೋನ್ ಮಾಡಿದ್ದರೆ ಆ ಹೆಸರು ಹೋಗುತ್ತಿತ್ತು. ಹತ್ತು ದಿನ ಅವನು ಫೋನ್ ಮಾಡಲಿಲ್ಲ.

ಶುಕ್ರವಾರ ತಿದ್ದಿದ ವರದಿಯ ಪ್ರತಿ ಬಂತು. ಆ ಸಾಲು ಇರಲಿಲ್ಲ. ವೈಶಾಲಿ ಅದನ್ನು ಎರಡು ಸಲ ಓದಿ ಡ್ರಾಯರಿನಲ್ಲಿಟ್ಟಳು.

ಮರುದಿನ ಬಸ್ಸು ಹಿಡಿದು ಬೈಟನ್‌ವೆಲ್ಡರ್ಟ್‌ಗೆ ಹೋದಳು. ಬಾಗಿಲು ತೆರೆದ ಶರ್ಮಿಳಾಳ ಕೈಗೆ ಒಂದು ಸ್ಕೀ ಹೆಲ್ಮೆಟ್ ಕೊಟ್ಟಳು.

“ನಿಮ್ದು. ಪ್ರವಾಸಕ್ಕ ಅಂತ ಅವರು ಇಸ್ಕೊಂಡು ಬಂದಿದ್ರು.”

“ಒಳಗೆ ಬನ್ನಿ ವೈಶಾಲಿ.”

“ಬ್ಯಾಡ್ರಿ.”

“ಅವರು ಬೇಕಂತ ಮಾಡಿದ್ದಲ್ಲ.”

“ಮೊದಲು ಹಾಕಿದ ವೈರು ಬೇಕಂತ ಅಲ್ಲ,” ಎಂದಳು ವೈಶಾಲಿ. “ಆಮೇಲೆ ಬದಲು ಮಾಡಿದ್ದು ಬೇಕಂತನ.”

ಶರ್ಮಿಳಾ ಹೆಲ್ಮೆಟ್ ಒಳಗಿಡಲು ತಿರುಗಿದಳು.

“ಒಮ್ಮೆ ನೋಡ್ಕೊಳ್ರಿ. ಬೆಲ್ಟು, ಬಕಲ್ಲು ಎಲ್ಲಾ ಸರಿ ಅದಾವ.”